ಸೇಡಿಗೂ ಮದ್ದುಂಟು: ಕುದುರೆ, ಪಶುವೈದ್ಯ ಮತ್ತು ಲಘು ಪ್ರಣಯ ಕಾದಂಬರಿ



ದತ್ತಿ ಉಪನ್ಯಾಸಕ್ಕೆ ಘನವಾದ ವಿಷಯವನ್ನೇ ಆರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ವಚನ, ಕೀರ್ತನೆ, ನವ್ಯ, ಬಂಡಾಯ ಎಲ್ಲಕ್ಕೂ ವೇದಿಕೆಯಲ್ಲಿ ಕುರ್ಚಿಯುಂಟು. ಲಘು ಪ್ರಣಯ ಕಾದಂಬರಿಗೆ ಮಾತ್ರ ಇಲ್ಲ. ಓದುವವರು ಹೆಚ್ಚು, ಒಪ್ಪಿಕೊಳ್ಳುವವರು ಕಡಿಮೆ ಎಂಬ ಪ್ರಕಾರ ಅದು. ಇಂದು ಅದಕ್ಕೊಂದು ಕುರ್ಚಿ ಹಾಕಬೇಕೆಂದಿದ್ದೇನೆ. ಎಲ್ಲ ಬಗೆಯ ಪ್ರಣಯ ಕಾದಂಬರಿಗೂ ಅಲ್ಲ, ಒಂದು ಬಗೆಯದಕ್ಕೆ. ಅದರಲ್ಲಿ ಒಬ್ಬ ಪಶುವೈದ್ಯನಿರಬೇಕು, ಕುದುರೆಗಳಿರಬೇಕು, ತೀರಿಸಿಕೊಳ್ಳಬೇಕಾದ ಒಂದು ಸೇಡಿರಬೇಕು, ಕೊನೆಗೆ ನಗುನಗುತ್ತಾ ಮದುವೆಯಾಗಬೇಕು. ಅಂಥ ಕಾದಂಬರಿಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನೆಲಕ್ಕಿಂತ ಒಪ್ಪುವ ನೆಲ ಕನ್ನಡ ನಾಡಿನಲ್ಲಿ ಇನ್ನೊಂದಿಲ್ಲವೆಂಬುದು ನನ್ನ ವಾದ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದ ಸೀಮೆ ಇದು. ಹೆಸರು ಬದಲಾದರೂ ಬಂಡೆಗಳು ಅಲ್ಲೇ ಇವೆ.

ಮೊದಲು ತತ್ತ್ವದ ಮಾತು. ಪ್ರಣಯ ಕಾದಂಬರಿ ಕೈಗೆತ್ತಿಕೊಂಡವರಿಗೆ ಕೊನೆ ಏನೆಂದು ಮೊದಲೇ ಗೊತ್ತು. ಅವರು ಓದುವುದು ಆ ಕೊನೆ ಎಷ್ಟು ಚೆನ್ನಾಗಿ ತಡವಾಗುತ್ತದೆಂದು ನೋಡಲು. ಸೇಡಿನ ಕಥೆಯೂ ತಡದ ಮೇಲೇ ನಿಂತದ್ದು. ಆದರೆ ಎರಡರ ದಿಕ್ಕು ಬೇರೆ. ಸೇಡು ಬಯಸುವುದು ಮತ್ತೆ ಸರಿಪಡಿಸಲಾಗದ ಒಂದು ಕೃತ್ಯವನ್ನು. ಮದುವೆಗೆ ಬೇಕಾದದ್ದು ಏನೇ ಮುರಿದರೂ ಕೂಡಿಸಬಹುದೆಂಬ ಭರವಸೆ. ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಹಿಡಿಯಬೇಕಾದರೆ ಲೇಖಕರು ಒಂದು ಕರಾರಿಗೆ ಒಪ್ಪಬೇಕು: ಸೇಡು ತೀರಲಿ, ಆದರೆ ಆದ ಹಾನಿ ವಾಸಿಯಾಗುವಂತಿರಲಿ. ಲಘುತನವೆಂದು ನಾವು ಹಗುರವಾಗಿ ಹೇಳುವುದು ಈ ಕರಾರನ್ನೇ. ಇದನ್ನು ಪಾಲಿಸುವುದು ದುರಂತ ಬರೆಯುವುದಕ್ಕಿಂತ ಸುಲಭವೇನಲ್ಲ. ದುರಂತದಲ್ಲಿ ಕೈ ಮೀರಿದ್ದನ್ನು ವಿಧಿಯ ತಲೆಗೆ ಕಟ್ಟಬಹುದು. ಇಲ್ಲಿ ಪ್ರತಿ ಗಾಯಕ್ಕೂ ಮದ್ದು ಹುಡುಕುವ ಹೊಣೆ ಬರೆಯುವವರದೇ.

ಇದು ಹೊರಗಿನಿಂದ ಬಂದ ಸರಕೆಂದು ಭಾವಿಸುವವರು ವಿರಾಟಪರ್ವವನ್ನು ನೆನೆಯಬೇಕು. ಮಳೆ ಬಾರದಿದ್ದರೆ ನಮ್ಮ ಹಳ್ಳಿಗಳಲ್ಲಿ ಓದಿಸುವ ಪರ್ವ ಅದೇ. ಹನ್ನೆರಡು ವರ್ಷಗಳ ಅವಮಾನವನ್ನು ಎದೆಯಲ್ಲಿಟ್ಟುಕೊಂಡ ಪಾಂಡವರು ವೇಷ ಮರೆಸಿಕೊಂಡು ಒಂದು ಅರಮನೆಯಲ್ಲಿ ಕೂಲಿಗೆ ನಿಲ್ಲುತ್ತಾರೆ. ಅವರಲ್ಲಿ ನಕುಲ ಹಿಡಿದದ್ದು ಕುದುರೆ ಲಾಯದ ಕೆಲಸ. ಕುದುರೆಯ ರೋಗ, ಲಕ್ಷಣ, ಪಳಗಿಸುವ ಕ್ರಮ ಬಲ್ಲವನೆಂದು ಹೇಳಿಕೊಂಡೇ ಅವನು ವಿರಾಟನ ಬಳಿ ಸೇರುತ್ತಾನೆ. ನಮ್ಮ ಕಥಾಲೋಕದ ಮೊದಲ ಅಶ್ವವೈದ್ಯ ನಾಯಕನನ್ನು ಹುಡುಕಿದರೆ ಇವನೇ ಸಿಗುವುದು. ಭೀಮನಿಗೆ ಆ ವರ್ಷವೂ ತಡೆಯಲಾಗಲಿಲ್ಲ; ಕೀಚಕ ಹೋದ. ನಕುಲ ಮಾತ್ರ ಮೈ ತಿಕ್ಕಿ, ಮೇವು ಹಾಕಿ, ವರ್ಷ ಕಳೆದ. ಕವಿಗಳು ಅವನ ಮೇಲೆ ಹೆಚ್ಚು ಪದ್ಯ ಖರ್ಚು ಮಾಡಿಲ್ಲ, ನಿಜ. ಆದರೆ ಆ ಪರ್ವದ ಹದ ನೋಡಿ: ಸೇಡು ಇದೆ, ವೇಷದ ತಮಾಷೆ ಇದೆ, ಹೆಂಗಸರ ಮುಂದೆ ಬಡಾಯಿ ಕೊಚ್ಚಿ ರಣರಂಗದಲ್ಲಿ ರಥದಿಂದ ಧುಮುಕಿ ಓಡುವ ಉತ್ತರಕುಮಾರನಿದ್ದಾನೆ, ಕೊನೆಗೆ ಅಭಿಮನ್ಯುವಿನ ಮದುವೆ ಇದೆ. ಮುಂದಿನ ಪರ್ವಗಳಲ್ಲಿ ಬರಲಿರುವ ನೆತ್ತರಿಗೆ ಮೊದಲು ಮಹಾಭಾರತ ತಾನೇ ಒಂದು ಲಘು ಕಾದಂಬರಿ ಬರೆದುಕೊಂಡಂತಿದೆ.

ಇನ್ನೂ ಹತ್ತಿರದ ಉದಾಹರಣೆ ಲಕ್ಷ್ಮೀಶನ ಜೈಮಿನಿ ಭಾರತ. ಅಲ್ಲಿ ಕಥೆಯನ್ನು ಎಳೆದೊಯ್ಯುವುದೇ ಕುದುರೆ. ಅಶ್ವಮೇಧದ ಕುದುರೆ ಎಲ್ಲಿ ಹೊಕ್ಕರೆ ಅಲ್ಲೊಂದು ಕಥೆ. ಸ್ತ್ರೀರಾಜ್ಯಕ್ಕೆ ಹೊಕ್ಕಾಗ ಪ್ರಮೀಳೆ ಅದನ್ನು ಕಟ್ಟಿಹಾಕುತ್ತಾಳೆ. ಬಿಡಿಸಿಕೊಳ್ಳಲು ಬಂದ ಅರ್ಜುನ ಯುದ್ಧದ ಬದಲು ಮದುವೆಗೆ ಒಪ್ಪಿ ಪಾರಾಗುತ್ತಾನೆ. ಕುದುರೆ ಹಿಡಿದವಳಿಗೆ ಕುದುರೆಯವನು ಸಿಕ್ಕ. ಇದಕ್ಕಿಂತ ಲಘುವಾದ ಪ್ರಣಯ ಯಾವ ವಾರಪತ್ರಿಕೆಯ ಧಾರಾವಾಹಿಯಲ್ಲಿದೆ? ಅದೇ ಕಾವ್ಯದಲ್ಲಿ ಜ್ವಾಲೆಯೂ ಇದ್ದಾಳೆ. ಗಂಡ ನೀಲಧ್ವಜ ಅರ್ಜುನನಿಗೆ ಸೋತು ಸಂಧಿ ಮಾಡಿಕೊಂಡದ್ದನ್ನು ಸಹಿಸದೆ, ಗಂಗೆಯನ್ನು ಅರ್ಜುನನ ಮೇಲೆ ಎತ್ತಿಕಟ್ಟಿ, ತಾನು ಬೆಂಕಿಗೆ ಬಿದ್ದು ಬಾಣವಾಗಿ ಅವನ ಮಗ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಆ ಬಾಣಕ್ಕೆ ಅರ್ಜುನ ಬೀಳುತ್ತಾನೆ. ಸೇಡು ಪೂರ್ತಿ ತೀರಿತು. ಆದರೆ ಕಾವ್ಯ ಅಲ್ಲಿಗೆ ಮುಗಿಯುವುದಿಲ್ಲ. ನಾಗಲೋಕದಿಂದ ಮಣಿ ಬರುತ್ತದೆ, ಸತ್ತವನು ಏಳುತ್ತಾನೆ, ತಂದೆ ಮಗ ಒಂದಾಗುತ್ತಾರೆ. ನಾನು ಹೇಳಿದ ಕರಾರನ್ನು ಲಕ್ಷ್ಮೀಶ ಅಕ್ಷರಶಃ ಪಾಲಿಸಿದ್ದಾನೆ.

ಕಾವ್ಯದ ಆಚೆ ಶಾಸ್ತ್ರದಲ್ಲೂ ಕನ್ನಡ ಬಡವಾಗಿರಲಿಲ್ಲ. ಚಾಲುಕ್ಯ ವಂಶದ ಕೀರ್ತಿವರ್ಮ 12ನೆಯ ಶತಮಾನದಲ್ಲೇ ಗೋವೈದ್ಯ ಬರೆದ. ಅಭಿನವಚಂದ್ರನ ಅಶ್ವವೈದ್ಯ ಬಂತು, ಮೈಸೂರು ಅರಸರ ಕಾಲದಲ್ಲಿ ಪದ್ಮಣ ಪಂಡಿತನ ಹಯಸಾರ ಸಮುಚ್ಚಯ ಬಂತು. ಕುದುರೆಯ ಹೊಟ್ಟೆನೋವಿನ ಬಗ್ಗೆ ಬರೆಯಲು ಕನ್ನಡದಲ್ಲಿ ಪದಗಳಿಲ್ಲವೆಂದು ಇಂದಿನ ಕಾದಂಬರಿಕಾರರು ಹೇಳುವಂತಿಲ್ಲ.

ಈಗ ರಾಮನಗರಕ್ಕೆ ಬರೋಣ. ಕುದುರೆ, ಸೇಡು, ಪ್ರಣಯ ಮೂರೂ ಸೇರಿ ಈ ಬಂಡೆಗಳ ನಡುವೆ ಒಂದು ಕಥೆ ನಡೆದು ಅರ್ಧ ಶತಮಾನವಾಯಿತು. ರಮೇಶ್ ಸಿಪ್ಪಿ ನಿರ್ದೇಶನದ ಶೋಲೆಯ ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಚಿತ್ರ 1975ರ ಆಗಸ್ಟ್ 15ರಂದು ತೆರೆಗೆ ಬಂತು. ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿಯನ್ನು ಕಟ್ಟಿ ಅದನ್ನು ರಾಮಗಢವೆಂದರು, ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಮಾಡಿಸಿದರು. ಸಲೀಂ-ಜಾವೇದ್ ಬರೆದ ಈ ಕಥೆಯಲ್ಲಿ ಡಕಾಯಿತ ಗಬ್ಬರನ ಮೇಲೆ ಠಾಕೂರನದು ಕಡು ಸೇಡು. ಅದರ ಪಕ್ಕದಲ್ಲೇ ಟಾಂಗಾ ಓಡಿಸುವ ಬಸಂತಿ, ಅವಳ ಕುದುರೆ ಧನ್ನೋ, ಅವಳ ಹಿಂದೆ ಬಿದ್ದ ವೀರು. ಚಿತ್ರವನ್ನು ಮತ್ತೆ ಮತ್ತೆ ನೋಡುವವರಲ್ಲಿ ಹೆಚ್ಚಿನವರು ಮುಗುಳ್ನಗುತ್ತಾ ನೆನೆಯುವುದು ಠಾಕೂರನನ್ನಲ್ಲ, ಧನ್ನೋವನ್ನು. ಇನ್ನೊಂದು ಸಂಗತಿ ನನ್ನ ವಾದಕ್ಕೆ ಮುಖ್ಯ. ಮೂಲತಃ ಚಿತ್ರೀಕರಿಸಿದ ಅಂತ್ಯದಲ್ಲಿ ಠಾಕೂರ್ ಗಬ್ಬರನನ್ನು ಕೊಂದೇಬಿಡುತ್ತಾನೆ. ಸೆನ್ಸಾರ್ ಮಂಡಳಿ ಒಪ್ಪಲಿಲ್ಲ, ತುರ್ತುಪರಿಸ್ಥಿತಿಯ ದಿನಗಳು. ಪೊಲೀಸರು ಬಂದು ತಡೆಯುವಂತೆ ಕೊನೆಯನ್ನು ಬದಲಿಸಿ ಚಿತ್ರ ಬಿಡುಗಡೆಯಾಯಿತು. ಸರ್ಕಾರ ಒತ್ತಾಯದಿಂದ ಮಾಡಿಸಿದ್ದನ್ನು ಲಘು ಕಾದಂಬರಿ ತಾನೇ ಇಷ್ಟಪಟ್ಟು ಮಾಡಿಕೊಳ್ಳುತ್ತದೆ. ಒತ್ತಾಯದ ಕ್ಷಮೆಗೆ ರುಚಿಯಿಲ್ಲ ಎಂಬುದಕ್ಕೆ ಆ ಬದಲಾದ ಅಂತ್ಯವೇ ಸಾಕ್ಷಿ.

ಆದರೆ ರಾಮಗಢ ರಾಮನಗರವಲ್ಲ. ಅಲ್ಲಿ ಹಿಪ್ಪುನೇರಳೆ ತೋಟವಿಲ್ಲ, ರೇಷ್ಮೆಗೂಡಿನ ಮಾರುಕಟ್ಟೆಯ ಕೂಗಿಲ್ಲ, ಮುದ್ದೆಯಿಲ್ಲ, ಕನ್ನಡವೂ ಇಲ್ಲ. ಬೆಟ್ಟವನ್ನು ಬಾಡಿಗೆಗೆ ಪಡೆದು ಊರನ್ನು ಬಿಟ್ಟರು. ಡೇವಿಡ್ ಲೀನ್ ಎ ಪ್ಯಾಸೇಜ್ ಟು ಇಂಡಿಯಾ ಚಿತ್ರಕ್ಕೆ ಮಾಗಡಿಯ ಸಾವನದುರ್ಗದ ಕಡೆ ಬಂದಾಗಲೂ ಆದದ್ದು ಅಷ್ಟೇ. ಈ ಬಂಡೆಗಳು ಪರರ ಕಥೆಗಳಿಗೆ ಹಿನ್ನೆಲೆಯಾಗಿಯೇ ಹೆಚ್ಚು ದುಡಿದಿವೆ.

ಹಾಗಾದರೆ ಈ ಸೀಮೆಯ ಸ್ವಂತ ಕುದುರೆಗಳು ಯಾವುವು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇದು ಎತ್ತಿನ ಸೀಮೆ. ಚನ್ನಪಟ್ಟಣದ ಕೆಂಗಲ್ ಜಾತ್ರೆಯಲ್ಲಿ, ಮಾಗಡಿಯ ರಂಗನಾಥಸ್ವಾಮಿ ಜಾತ್ರೆಯಲ್ಲಿ ಕಟ್ಟುವುದು ಹಳ್ಳಿಕಾರ್ ಜೋಡಿಗಳನ್ನು. ಕುದುರೆ ಈ ಸೀಮೆಯ ಅಂಚಿನಲ್ಲಿದೆ. ಮಾಗಡಿ ದಾಟಿ ಪಡುವಣಕ್ಕೆ ನಡೆದರೆ ಕುಣಿಗಲ್. ಹೈದರ್-ಟಿಪ್ಪು ಕಾಲದ ಕುದುರೆ ದಂಡಿಗೆ ಮರಿ ಬೆಳೆಸಿದ ಫಾರಂ ಆಮೇಲೆ ರೇಸಿನ ಕುದುರೆಗಳನ್ನು ಬೆಳೆಸಿತು. ಮೂಡಣಕ್ಕೆ ಬೆಂಗಳೂರಿನ ರೇಸ್ ಮೈದಾನ. ನಡುವೆ ಊರೂರಿನ ರೈಲು ನಿಲ್ದಾಣದ ಮುಂದೆ ನಿಲ್ಲುತ್ತಿದ್ದ ಜಟಕಾಗಳು ಆಟೋಗಳಿಗೆ ಜಾಗ ಬಿಟ್ಟುಕೊಟ್ಟವು. ಉಳಿದದ್ದು ಮದುವೆಯ ಸಾರೋಟಿನ ಕುದುರೆ: ಬೆನ್ನಿಗೆ ಜರಿ, ತಲೆಗೆ ತುರಾಯಿ, ಕಿವಿಯ ಪಕ್ಕದಲ್ಲೇ ಬ್ಯಾಂಡ್‌ಸೆಟ್.

ಚನ್ನಪಟ್ಟಣದ ಮರದ ಕುದುರೆಯನ್ನು ಮರೆತರೆ ಅಲ್ಲಿಯವರು ಬಿಡುವುದಿಲ್ಲ. ಹಾಲೆ ಮರದ ತುಂಡು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ತಾಗಿದಲ್ಲೆಲ್ಲ ಸಿಪ್ಪೆ ಸುರುಳಿಯಾಗಿ ಹಾರುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿರುಗುವ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ತಾಳೆಗರಿಯಿಂದ ಉಜ್ಜಿದರೆ ಹೊಳಪು. ಲೇತಿನ ಮೇಲೆ ತಿರುಗಿದ್ದೆಲ್ಲ ದುಂಡಗಾಗಲೇಬೇಕು. ಮೂಲೆಗಳು ಅಲ್ಲಿ ಉಳಿಯುವುದಿಲ್ಲ. ಲಘು ಕಾದಂಬರಿ ಸೇಡಿಗೆ ಮಾಡುವುದೂ ಇದನ್ನೇ. ಮರ ಗಟ್ಟಿಯಾಗಿರಬೇಕು, ಅಷ್ಟೇ.

ಗಟ್ಟಿ ಮರವೆಂದರೆ ಕಾದಂಬರಿಯಲ್ಲಿ ಕಸುಬು. ನಮ್ಮ ಜನಪ್ರಿಯ ಕಾದಂಬರಿಯ ಸಮೃದ್ಧ ದಿನಗಳಲ್ಲಿ, ಬಾಡಿಗೆ ಪುಸ್ತಕದಂಗಡಿಗಳೂ ವಾರಪತ್ರಿಕೆಗಳೂ ತುಂಬಿತುಳುಕುತ್ತಿದ್ದಾಗ, ನಾಯಕರು ತೋಟದ ಮಾಲೀಕರಾಗಿರುತ್ತಿದ್ದರು, ಎಂಜಿನಿಯರಾಗಿರುತ್ತಿದ್ದರು, ಡಾಕ್ಟರಾಗಿರುತ್ತಿದ್ದರು. ಆದರೆ ಅವರು ಕೆಲಸ ಮಾಡುವುದನ್ನು ಓದುಗರು ಕಂಡದ್ದು ಅಪರೂಪ. ಡಾಕ್ಟರ ಕೊರಳಿನ ಸ್ಟೆತಸ್ಕೋಪ್ ಹಾರದಂತೆ ತೂಗುತ್ತಿತ್ತು. ನಮ್ಮ ಲಘು ಪ್ರಣಯ ಸೊರಗಿದ್ದಕ್ಕೆ ಟೀವಿಯನ್ನು ದೂರುವವರಿದ್ದಾರೆ. ಕಸುಬಿಲ್ಲದ ನಾಯಕ ಎಷ್ಟು ದಿನ ತಾನೇ ಬದುಕಿಯಾನು ಎಂಬುದು ನನ್ನ ಪ್ರಶ್ನೆ. ತ್ರಿವೇಣಿಯವರ ಕಥೆಗಳು ಇಂದಿಗೂ ನಿಂತಿರುವುದು ಅವರು ಮನಸ್ಸನ್ನೇ ಕೆಲಸದಂತೆ ನೋಡಿದ್ದರಿಂದ. ಅವರ ಕಾದಂಬರಿಯನ್ನು ಆಧರಿಸಿ 1967ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಬೆಳ್ಳಿಮೋಡದಲ್ಲಿ ನಾಯಕಿ ತನ್ನನ್ನು ಕೈಬಿಟ್ಟವನ ಶುಶ್ರೂಷೆ ಮಾಡಿ ಅವನನ್ನು ಎಬ್ಬಿಸಿ ನಿಲ್ಲಿಸುತ್ತಾಳೆ. ಅವನು ಈಗ ಮದುವೆಯಾಗೋಣವೆಂದಾಗ ಒಲ್ಲೆ ಎನ್ನುತ್ತಾಳೆ. ಅದೇ ಕೈ ಮದ್ದು ಕೊಟ್ಟಿತು, ಅದೇ ಕೈ ಸೇಡು ತೀರಿಸಿತು. ಅದು ಲಘುವಲ್ಲ, ಆದರೆ ಮದ್ದಿಗೂ ಸೇಡಿಗೂ ಇರುವ ನಂಟನ್ನು ಅಷ್ಟು ಚೊಕ್ಕವಾಗಿ ತೋರಿದ ಕಥೆ ನಮ್ಮಲ್ಲಿ ಕಡಿಮೆ.

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಆಲ್ಫ್ ವೈಟ್ ಎಂಬ ಪಶುವೈದ್ಯರು ಜೇಮ್ಸ್ ಹೆರಿಯಟ್ ಎಂಬ ಹೆಸರಿನಲ್ಲಿ 1970ರಿಂದ ಬರೆದ ಪುಸ್ತಕಗಳು ಲೋಕವನ್ನೇ ಗೆದ್ದವು. ಅವುಗಳಲ್ಲಿ ಪ್ರಣಯವೂ ಉಂಟು. ಆದರೆ ಅದು ಕೊಟ್ಟಿಗೆಯ ಕೆಸರಿನ ನಡುವೆ, ತೋಳುದ್ದ ಸೋಪು ಹಚ್ಚಿಕೊಂಡು ನಡೆಯುವ ಪ್ರಣಯ. ನಮ್ಮಲ್ಲಿ ಅಂಥ ಬರಹಕ್ಕೆ ಬೇಕಾದ ಅನುಭವ ಹೋಬಳಿ ಹೋಬಳಿಯಲ್ಲಿದೆ. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಎಷ್ಟು ತಲೆಮಾರಿನ ವೈದ್ಯರು ಈ ತಾಲ್ಲೂಕುಗಳಲ್ಲಿ ದುಡಿದಿಲ್ಲ? ಜನ ಅವರನ್ನು ಕರೆಯುವುದು ದನದ ಡಾಕ್ಟ್ರು ಎಂದು. ನಾನು ಕಲ್ಪಿಸಿಕೊಂಡಿರುವ ಕಾದಂಬರಿಯ ಮೊದಲ ತಮಾಷೆ ಅಲ್ಲೇ ಇದೆ: ದನದ ಡಾಕ್ಟ್ರ ಮುಂದೆ ಒಂದು ದಿನ ಕುದುರೆ ತಂದು ನಿಲ್ಲಿಸುತ್ತಾರೆ.

ಈ ಎರಡು ಪ್ರಾಣಿಗಳ ವ್ಯತ್ಯಾಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಕಥೆಯ ಗತಿ ಅದರಲ್ಲಿದೆ. ಹಸು ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಕುದುರೆಗೆ ವಾಂತಿ ಮಾಡುವುದೂ ಆಗದು. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಹಾಗಾಗಿ ಹೊಟ್ಟೆ ಕಟ್ಟಿದರೆ ಅದು ಪ್ರಾಣಕ್ಕೆ ಬರುತ್ತದೆ. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತದೆ, ಬೆವರುತ್ತದೆ, ಕುಸಿದು ಹೊರಳುತ್ತದೆ. ವೈದ್ಯ ಮೊದಲು ದವಡೆಯ ಕೆಳಗಿನ ನಾಡಿಗೆ ಬೆರಳಿಡುತ್ತಾನೆ. ನೆಮ್ಮದಿಯ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಅರವತ್ತು ದಾಟಿದರೆ ಅವನ ಮುಖ ಬದಲಾಗುತ್ತದೆ. ಒಸಡಿನ ಬಣ್ಣ ನೋಡುತ್ತಾನೆ. ಸ್ಟೆತಸ್ಕೋಪನ್ನು ಎಡ ಪಕ್ಕೆಗೆ, ಬಲ ಪಕ್ಕೆಗೆ, ಮೇಲೆ, ಕೆಳಗೆ ಇಟ್ಟು ಕರುಳಿನ ಗುಡುಗುಡು ಕೇಳುತ್ತಾನೆ. ಸದ್ದಿದ್ದರೆ ಸಮಾಧಾನ; ಇಲ್ಲದಿದ್ದರೆ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಇಳಿಸಬೇಕು. ಈ ಹೊತ್ತಿನಲ್ಲಿ ಕುದುರೆಯ ತಲೆ ಹಿಡಿದು ನಿಂತವರ ಜೊತೆ ಯಾರಿಗೂ ಜಗಳ ಮುಂದುವರಿಸಲಾಗದು. ಇಬ್ಬರೂ ಒಂದೇ ಸದ್ದಿಗೆ ಕಾಯುತ್ತಿರುತ್ತಾರೆ. ಎರಡು ಅಧ್ಯಾಯಗಳ ಸಂಭಾಷಣೆ ಮಾಡಲಾಗದ ಕೆಲಸವನ್ನು ಒಂದು ಕರುಳಿನ ಸದ್ದು ಮಾಡುತ್ತದೆ.

ಇನ್ನು ಸೇಡಿನ ಮೂಲ. ಪಶುವೈದ್ಯನ ಮೇಲೆ ಕುದುರೆಯವರಿಗೆ ಕಡು ಕೋಪ ಬರಲು ಕಾನೂನೇ ಒಂದು ಕಾರಣ ಒದಗಿಸಿದೆ. ಗ್ಲ್ಯಾಂಡರ್ಸ್ ಎಂಬುದು ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ, ಮನುಷ್ಯರಿಗೂ ಹರಡಬಲ್ಲ ಬ್ಯಾಕ್ಟೀರಿಯಾ ರೋಗ. ಮೂಗಿನಿಂದ ಅಂಟು ಸುರಿಯುತ್ತದೆ, ಮೈಮೇಲೆ ಗಂಟು ಎದ್ದು ಹುಣ್ಣಾಗುತ್ತವೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗೆಗಿನ 2009ರ ಕೇಂದ್ರ ಕಾಯ್ದೆಯಡಿ ಇದನ್ನು ವರದಿ ಮಾಡಲೇಬೇಕು. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ. ರೋಗ ಖಚಿತವಾದರೆ ಕುದುರೆಗೆ ದಯಾಮರಣ, ಸುತ್ತಲಿನ ಕುದುರೆಗಳ ಓಡಾಟಕ್ಕೆ ತಡೆ. ವೈದ್ಯನ ಒಂದು ಸಹಿಯಿಂದ ಒಂದು ಮನೆಯ ಅನ್ನ ಹೋಗುತ್ತದೆ. ಸೇಡಿಗೆ ಇದಕ್ಕಿಂತ ಬಲವಾದ ಕಾರಣ ಬೇಕೆ?

ಬೇಡ, ಮತ್ತು ಅದೇ ತೊಡಕು. ಕುದುರೆ ಸತ್ತರೆ ಕರಾರು ಮುರಿಯಿತು. ಆಮೇಲೆ ಬರುವ ಮದುವೆ ಯಾವ ಓದುಗರಿಗೂ ರುಚಿಸದು. ಕುದುರೆ ಯಾರ ಸೇಡಿಗೂ ಬೆಲೆ ತೆರಬಾರದೆಂಬುದು ಈ ಪ್ರಕಾರದ ಮೊದಲ ನಿಯಮವಾಗಬೇಕು. ಬಹಳ ಕಥೆಗಳು ಕೆಟ್ಟದ್ದು ಇಲ್ಲೇ. ಹಾಗಾಗಿ ನನ್ನ ಆಯ್ಕೆ ಖಚಿತವಾದ ರೋಗವಲ್ಲ, ಶಂಕೆ. ಕನಕಪುರದ ಒಬ್ಬಳು ಸಾರೋಟಿನ ಒಡತಿ, ಬಸಂತಿಯ ವಂಶದವಳು ಎನ್ನಿ. ಅವಳ ಹೆಣ್ಣುಕುದುರೆಯ ಮೂಗು ಸೋರುವುದನ್ನು ಕಂಡು ಹೊಸ ಡಾಕ್ಟ್ರು ನಿಯಮದಂತೆ ಮಾದರಿ ಕಳಿಸುತ್ತಾನೆ, ಕುದುರೆಯನ್ನು ಬೇರೆ ಕಟ್ಟಿಸುತ್ತಾನೆ. ವೈಶಾಖದ ಮದುವೆಗಳೆಲ್ಲ ಆಚೆ ಬೀದಿಯಲ್ಲಿ ಸಾಗುತ್ತವೆ. ಹಿಸಾರ್‌ನಿಂದ ರೋಗವಿಲ್ಲವೆಂದು ವರದಿ ಬರುವ ಹೊತ್ತಿಗೆ ಆಷಾಢ ಬಾಗಿಲಲ್ಲಿರುತ್ತದೆ; ಆಷಾಢದಲ್ಲಿ ಯಾರ ಮದುವೆ? ವೈದ್ಯ ಮಾಡಿದ್ದು ಸರಿ, ಅವಳಿಗೆ ಆದದ್ದು ಅನ್ಯಾಯ. ಇಬ್ಬರೂ ಸರಿಯಿರುವ ಜಗಳದಲ್ಲಿ ಮಾತ್ರ ಒಳ್ಳೆಯ ಪ್ರಣಯ ಹುಟ್ಟುತ್ತದೆ.

ಇಲ್ಲಿ ಒಂದು ಪಕ್ಕದ ಮಾತು. ಇಂಥ ಕಾದಂಬರಿಯಲ್ಲಿ ರಾಮದೇವರ ಬೆಟ್ಟದ ರಣಹದ್ದುಗಳೂ ಬರಬೇಕು. 2012ರಲ್ಲಿ ಅಲ್ಲಿ ರಣಹದ್ದು ವನ್ಯಧಾಮ ಘೋಷಣೆಯಾಯಿತು. ಭಾರತದ ರಣಹದ್ದುಗಳನ್ನು ಅಳಿವಿನಂಚಿಗೆ ತಂದದ್ದು ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಮದ್ದು. ಅದನ್ನು ತಿಂದ ದನದ ಹೆಣ ತಿಂದ ಹದ್ದಿನ ಮೂತ್ರಪಿಂಡ ಕೈಕೊಡುತ್ತಿತ್ತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿ, ಮೆಲಾಕ್ಸಿಕಾಂ ಬಳಸಲು ಹೇಳಿದರು. ನಮ್ಮ ನಾಯಕ ಸಿರಿಂಜಿಗೆ ಯಾವ ಸೀಸೆಯಿಂದ ಮದ್ದು ಎಳೆಯುತ್ತಾನೆಂಬುದನ್ನು ಲೇಖಕರು ಹೇಳಿದರೆ ಸಾಕು. ಅವನು ಎಂಥವನೆಂದು ಬೇರೆ ಬಣ್ಣಿಸಬೇಕಿಲ್ಲ.

ಇನ್ನು ಆ ಸಾರೋಟಿನ ಒಡತಿ ಸೇಡು ತೀರಿಸುವುದು ಹೇಗೆ? ಕತ್ತಿ, ಕೋವಿ ಬೇಡ. ನಮ್ಮ ಸೀಮೆಯಲ್ಲಿ ಸರ್ಕಾರಿ ನೌಕರನ ಮೇಲೆ ಹೂಡುವ ದೇಶೀಯ ಅಸ್ತ್ರವೊಂದಿದೆ: ಮೂಗರ್ಜಿ. ಸಹಿಯಿಲ್ಲ, ವಿಳಾಸವಿಲ್ಲ, ‘ನೊಂದ ರೈತರು’ ಎಂಬ ಒಕ್ಕಣೆ. ಅದು ಬಂದೂಕಿಗಿಂತ ನಿಧಾನ. ಬರೆದವಳ ಸಿಟ್ಟು ಇಳಿದ ಮೇಲೂ ಕಡತ ತನ್ನ ಪಾಡಿಗೆ ಮೇಜಿನಿಂದ ಮೇಜಿಗೆ ಏರುತ್ತಲೇ ಇರುತ್ತದೆ. ಲಘು ಕಾದಂಬರಿಗೆ ಬೇಕಾದ ತಡವನ್ನು ನಮ್ಮ ಕಚೇರಿಗಳಿಗಿಂತ ಚೆನ್ನಾಗಿ ಯಾರು ಕೊಟ್ಟಾರು?

ಅಷ್ಟರಲ್ಲಿ ಕುದುರೆ ಗಬ್ಬ ಕಟ್ಟುತ್ತದೆ. ಕುದುರೆಯ ಗಬ್ಬದ ಕಾಲ ಹನ್ನೊಂದು ತಿಂಗಳು, ಸುಮಾರು 340 ದಿನ. ಅಷ್ಟು ದಿನ ವೈದ್ಯ ಆ ಲಾಯಕ್ಕೆ ಬರಲೇಬೇಕು, ಲಾಳದವನ ಮುಂದೆ, ಹುರುಳಿ ಬೇಯುವ ಹೊಗೆಯಲ್ಲಿ, ಅವಳ ಮಾತು ಕೇಳಲೇಬೇಕು. ಹೆಣ್ಣುಕುದುರೆ ಸಾಮಾನ್ಯವಾಗಿ ಈಯುವುದು ರಾತ್ರಿ. ಹಸುವಾದರೆ ಗಂಟೆಗಟ್ಟಲೆ ತಿಣುಕಲು ಬಿಟ್ಟು ನೋಡಬಹುದು. ಕುದುರೆಗೆ ನೀರು ಒಡೆದ ಮೇಲೆ ಮರಿ ಹೊರಬರಲು ಅರ್ಧ ಗಂಟೆಯೊಳಗಿನ ವಾಯಿದೆ. ಕಾಲು ಮಡಚಿಕೊಂಡಿದ್ದರೆ ಅಷ್ಟರಲ್ಲೇ ಕೈಹಾಕಿ ನೆಟ್ಟಗೆ ಮಾಡಬೇಕು. ಮರಿ ಬಿದ್ದು ಒಂದೆರಡು ಗಂಟೆಯಲ್ಲಿ ನಾಲ್ಕು ಕಾಲ ಮೇಲೆ ನಿಂತು ಮೊಲೆ ಹುಡುಕುತ್ತದೆ. ಆ ಒಂದೆರಡು ಗಂಟೆ ಲೇಖಕರ ಕೈಯಲ್ಲಿ ಚಿನ್ನ. ಅಲ್ಲಿ ಪ್ರೇಮದ ಮಾತು ಬೇಡ. ಕೈ ತೊಳೆಯಲು ಬಿಸಿನೀರು ಯಾರು ಕೊಟ್ಟರೆಂದು ಬರೆದರೆ ಸಾಕು.

ಸರ್ಕಾರಿ ನೌಕರರ ಸಾರ್ವತ್ರಿಕ ವರ್ಗಾವಣೆಯ ಕಾಲ ಮೇ, ಜೂನ್. ಮರಿ ಹುಟ್ಟಿದ ವಾರದಲ್ಲೇ ಮೂಗರ್ಜಿ ಫಲಿಸುತ್ತದೆ. ಡಾಕ್ಟ್ರಿಗೆ ಬೀದರ್ ಕಡೆಗೆ ವರ್ಗವಾದ ಆದೇಶ ಬರುತ್ತದೆ. ಅವನಿಗೆ ಅರ್ಜಿ ಬರೆದವರು ಯಾರೆಂದು ಗೊತ್ತಿಲ್ಲ, ಅವಳಿಗೆ ಗೊತ್ತು. ಈಗ ಆದ ಹಾನಿಯನ್ನು ವಾಸಿ ಮಾಡಬೇಕಾದವಳು ಅವಳೇ. ಇನ್ನೊಂದು ಅರ್ಜಿ ಬರೆಯಬೇಕು, ಡಾಕ್ಟ್ರನ್ನು ಇಲ್ಲೇ ಉಳಿಸಿರೆಂದು. ಮೊದಲಿನದು ತನ್ನದೇ ಎಂದು ಒಪ್ಪಿಕೊಳ್ಳದೆ ಅದನ್ನು ಬರೆಯಲಾಗದು, ದೂರನ್ನಾದರೆ ಸಹಿಯಿಲ್ಲದೆಯೂ ಓದುತ್ತಾರೆ, ಉಳಿಸಿರೆಂಬ ಮಾತನ್ನು ಓದರು. ಹೆಸರು, ತಂದೆಯ ಹೆಸರು, ಕನಕಪುರದ ವಿಳಾಸ ಸಮೇತ ಅವಳು ಸಹಿ ಹಾಕುತ್ತಾಳೆ. ಅದರ ಒಂದು ಪ್ರತಿ ಮೇಲಿನಿಂದ ಕೆಳಗಿಳಿದು ‘ಸಂಬಂಧಪಟ್ಟವರ ಮಾಹಿತಿಗಾಗಿ’ ಎಂಬ ಷರಾದೊಂದಿಗೆ ಡಾಕ್ಟ್ರ ಮೇಜಿಗೇ ಬರುತ್ತದೆ. ಪ್ರೇಮನಿವೇದನೆಗೆ ಕಾದಂಬರಿಕಾರರು ಬೇರೆ ಅಧ್ಯಾಯ ಬರೆಯುವುದು ಬೇಡ. ಅರ್ಜಿಯ ಪೂರ್ಣ ಪಾಠವನ್ನೇ ಅಚ್ಚುಮಾಡಲಿ, ಒಕ್ಕಣೆ ಮಾತ್ರ ಇಲಾಖೆಯ ನಮೂನೆಯಲ್ಲೇ ಇರಲಿ.